ರೊಟ್ಟಿ ಲೆಕ್ಕ ಹಿಡಿದು ಬೆಳಗಾವಿಗೆ ಹೋದೆವು: ಬಿಸಿನೆಸ್ ಪ್ಲಾನ್ ಸ್ಪರ್ಧೆಯ ನನ್ನ ಅನುಭವ

ಬಿಸಿನೆಸ್ ಪ್ಲಾನ್ ಸ್ಪರ್ಧೆಗೆ ಹೆಸರು ಕೊಟ್ಟ ಜೂನಿಯರ್‌ಗಳು ಈಗ ನನಗೆ ಫೋನ್ ಮಾಡುತ್ತಾರೆ. ಪಿಪಿಟಿಯಲ್ಲಿ ಎಷ್ಟು ಸ್ಲೈಡ್ ಇರಬೇಕು, ಇಂಗ್ಲಿಷ್‌ನಲ್ಲೇ ಮಾತಾಡಬೇಕಾ, ಕೋಟು ಹಾಕಿಕೊಳ್ಳಬೇಕಾ ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ನೀವು ಮಾರಬೇಕು ಅಂದುಕೊಂಡಿರುವ ವಸ್ತುವನ್ನು ಇಲ್ಲಿಯವರೆಗೆ ಯಾರಿಗಾದರೂ ದುಡ್ಡಿಗೆ ಮಾರಿದ್ದೀರಾ? ಇಲ್ಲ ಅಂದರೆ ಮೊದಲು ಅದನ್ನು ಮಾಡಿ, ಸ್ಲೈಡ್ ಆಮೇಲೆ ನೋಡೋಣ ಅನ್ನುತ್ತೇನೆ. ನಮ್ಮ ಕೈ ಹಿಡಿದದ್ದು ಅದೇ.

ನಮ್ಮ ತಂಡ ವಿಜಯಪುರದ್ದು. ಎಂಬಿಎ ಎರಡನೇ ವರ್ಷದ ನಾಲ್ವರು: ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ವಿಷಯ ಆರಿಸುವಾಗ ಜೋರು ಚರ್ಚೆ ಆಯಿತು. ಇಂಡಿ ಕಡೆಯ ಗೆಳೆಯನಿಗೆ ನಿಂಬೆಹಣ್ಣಿನ ಉಪ್ಪಿನಕಾಯಿ ಮಾಡಬೇಕಿತ್ತು. ತಿಕೋಟಾದವಳ ಮನೆಯಲ್ಲಿ ದ್ರಾಕ್ಷಿ ತೋಟವಿದೆ, ಅವಳು ಒಣದ್ರಾಕ್ಷಿ ಅಂದಳು. ಒಣದ್ರಾಕ್ಷಿ ಒಳ್ಳೆಯ ವ್ಯಾಪಾರವೇ. ಆದರೆ ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿಸಿದರೆ ಒಂದು ಕಿಲೋ ಸಿಗುತ್ತದೆ, ಸುಗ್ಗಿ ಬೇಸಿಗೆಯಲ್ಲಿ ಮಾತ್ರ, ಆಮೇಲೆ ಕೋಲ್ಡ್ ಸ್ಟೋರೇಜ್ ಬಾಡಿಗೆ ಬೇರೆ. ವಿದ್ಯಾರ್ಥಿಗಳ ಕೈಯಲ್ಲಿರುವ ದುಡ್ಡಿಗೆ ಅದನ್ನು ಪ್ರಯೋಗ ಮಾಡಿ ನೋಡುವಂತಿರಲಿಲ್ಲ. ಕೊನೆಗೆ ಜೋಳದ ಖಡಕ್ ರೊಟ್ಟಿ ಅಂತ ಗಟ್ಟಿ ಮಾಡಿದೆವು. ಕಾರಣ ಸರಳ. ರೊಟ್ಟಿ ಬಡಿಯುವ ಸಂಘದ ಅಕ್ಕಂದಿರು ನಮ್ಮ ಓಣಿಯಿಂದ ನಡೆದು ಹೋಗುವಷ್ಟು ಹತ್ತಿರ ಇದ್ದರು. ಇವತ್ತು ಐನೂರು ರೂಪಾಯಿ ಹಾಕಿದರೆ ನಾಳೆ ಮಾರಿ ನೋಡಬಹುದಿತ್ತು.

ಕಾಲೇಜಿನಲ್ಲಿ ಕೆಲವರು ಮುಖ ಸಿಂಡರಿಸಿದರು. ಆ್ಯಪ್ ಇಲ್ಲ, ಎಐ ಇಲ್ಲ, ರೊಟ್ಟಿ ಏನು ಪ್ಲಾನ್ ಅಂತ. ನನಗೆ ಆಗಲೂ ಈಗಲೂ ಅನಿಸುವುದು, ನಮ್ಮ ಜಿಲ್ಲೆಯ ಹುಡುಗರು ನಮ್ಮ ಜಿಲ್ಲೆಯ ಸರಕು ಬಿಟ್ಟು ಬೇರೆಲ್ಲೋ ಯಾಕೆ ಹುಡುಕಬೇಕು? ಡೋಣಿ ನದಿ ಸಾಲಿನ ಕಪ್ಪು ಎರೆಭೂಮಿಯಲ್ಲಿ ಹಿಂಗಾರಿಗೆ ಬೆಳೆಯುವ ಮಾಲ್ದಂಡಿ ಜೋಳದ ರುಚಿ ಬೇರೆ ಕಡೆ ಸಿಗುವುದಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮ ಕಡೆಯವರು ಊರಿಗೆ ಬಂದು ಹೋಗುವಾಗ ಬ್ಯಾಗಿನಲ್ಲಿ ಬಟ್ಟೆಗಿಂತ ರೊಟ್ಟಿ, ಶೇಂಗಾ ಹಿಂಡಿ ಜಾಸ್ತಿ ತುಂಬಿಕೊಂಡು ಹೋಗುತ್ತಾರೆ. ಗಿರಾಕಿ ಯಾರು ಅನ್ನುವ ಪ್ರಶ್ನೆಗೆ ನಾವು ಯಾವ ವರದಿಯನ್ನೂ ಹುಡುಕಬೇಕಾಗಿರಲಿಲ್ಲ.

ಮೊದಲ ಬ್ಯಾಚ್ ಬೆಂಗಳೂರಿನ ಪರಿಚಯದವರಿಗೇ ಕಳಿಸಿದೆವು, ದುಡ್ಡು ಮೊದಲೇ ಫೋನ್‌ಪೇ ಮಾಡಿಸಿಕೊಂಡು. ರಾತ್ರಿ ಬಸ್ಸಿಗೆ ರಟ್ಟಿನ ಡಬ್ಬಿ ಹಾಕಿದರೆ ಬೆಳಿಗ್ಗೆ ಮುಟ್ಟುತ್ತದೆ, ಐನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಅವರು ಡಬ್ಬಿ ತೆರೆಯುವುದನ್ನು ವಿಡಿಯೋ ಕಾಲ್‌ನಲ್ಲಿ ನೋಡುತ್ತಾ ಕೂತೆವು. ಅಂಚೆಲ್ಲ ಪುಡಿಯಾಗಿತ್ತು. ನಡುವಿನ ರೊಟ್ಟಿಗಳು ಎರಡು ಮೂರು ಹೋಳಾಗಿದ್ದವು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನಂತೆ ಹಿಡಿದುಕೊಳ್ಳುವ ಗುಣ ಇಲ್ಲ. ಬಿಸಿನೀರು ಹಾಕಿ ನಾದಿದಾಗ ಬರುವ ಜಿಗಿಯಲ್ಲೇ ರೊಟ್ಟಿ ನಿಲ್ಲಬೇಕು. ಖಡಕ್ ಆದ ಮೇಲಂತೂ ಮುರಿಯುವುದು ಇದ್ದದ್ದೇ. ಹಾಗಾದರೆ ನಮ್ಮ ವ್ಯಾಪಾರದ ನಿಜವಾದ ಸಮಸ್ಯೆ ರುಚಿಯೂ ಅಲ್ಲ, ಬ್ರ್ಯಾಂಡೂ ಅಲ್ಲ, ರೊಟ್ಟಿ ಮುರಿಯದಂತೆ ಮುಟ್ಟಿಸುವುದು. ಅವತ್ತಿನಿಂದ ನಮ್ಮ ಪ್ಲಾನ್ ಇದರ ಸುತ್ತಲೇ ಬೆಳೆಯಿತು.

ಸಂಘದ ಅಕ್ಕಂದಿರ ಮುಂದೆ ಮುರಿದ ರೊಟ್ಟಿಯ ಫೋಟೋ ಇಟ್ಟೆವು. ಅವರಲ್ಲಿ ಹಿರಿಯರೊಬ್ಬರು ಫೋಟೋ ದೊಡ್ಡದು ಮಾಡಿ ನೋಡಿ, "ರೊಟ್ಟಿ ಸೊಟ್ಟ ಅದಾವ ನೋಡವ್ವಾ, ಮ್ಯಾಲಿಂದು ಭಾರ ಬಿದ್ದ ಕೂಡ್ಲೆ ಮುರೀತಾವ" ಅಂದರು. ಆಮೇಲೆ ಒಲೆ ಮುಂದೆ ಕೂತು ಮಾಡಿ ತೋರಿಸಿದರು. ಹಂಚಿನ ಮೇಲೆ ರೊಟ್ಟಿ ಬೆಂದ ಮೇಲೆ ಸಣ್ಣ ಉರಿಯಲ್ಲಿ ಖಡಕ್ ಮಾಡುವಾಗ ಮಡಚಿದ ಅರಿವೆಯಿಂದ ಸುತ್ತಲೂ ಒತ್ತುತ್ತಾ ಹೋದರು. ಮೊದಲು ಅಂಚು, ಆಮೇಲೆ ನಡು, ಮತ್ತೆ ಅಂಚು. ಕೆಳಗಿಳಿಸಿ ನೆಲದ ಮೇಲಿಟ್ಟರೆ ಒಂದು ಕಡೆಯೂ ಎದ್ದಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ಅದರ ಮೇಲೆ ಇಟ್ಟು ನೋಡಿ, "ನಿಮ್ಮ ಡಬ್ಬಿ ದೊಡ್ದಾತು. ಸಂದಿ ಇದ್ರ ಒಳಗ ಓಡ್ಯಾಡ್ತಾವ. ಡಬ್ಬಿ ಸಣ್ಣದು ಮಾಡ್ಸ್ರಿ, ನಾವು ಅದೇ ಅಳತಿಗೆ ಬಡೀತೀವಿ" ಅಂದರು.

ಹಾಗೇ ಮಾಡಿದೆವು. ಎಲ್ಲರ ರೊಟ್ಟಿಯೂ ಮೊದಲಿಗಿಂತ ಸಣ್ಣದಾಗಿ, ಒಂದೇ ಅಳತೆಗೆ ಬರಲಿ ಅಂತ ಪ್ರತಿ ಒಲೆಗೆ ಒಂದೊಂದು ಸ್ಟೀಲ್ ತಾಟು ಕೊಟ್ಟೆವು. ಅದಕ್ಕೆ ಸರಿಯಾಗಿ ಹೊಂದುವ ರಟ್ಟಿನ ಡಬ್ಬಿ, ಒಳಗೆ ಗಾಳಿಯಾಡದ ಕವರ್, ಇಪ್ಪತ್ತು ರೊಟ್ಟಿಯ ಅಟ್ಟಿ, ಮೇಲೆ ಕೆಳಗೆ ಒಂದೊಂದು ರಟ್ಟಿನ ಬಿಲ್ಲೆ. ಸೊಟ್ಟ ರೊಟ್ಟಿ ಬೇರೆ ತೆಗೆದು ಊರಲ್ಲೇ ಕಡಿಮೆ ದರಕ್ಕೆ ಕೊಟ್ಟೆವು. ಮುರಿದ ರೊಟ್ಟಿಗೆ ಒಗ್ಗರಣೆ ಹಾಕಿ ತಿನ್ನುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ಪ್ರತಿ ಸಲ ಕಳಿಸಿದಾಗಲೂ ಎಷ್ಟು ಮುರಿದವು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ದಾರಿಯಲ್ಲಿ ಮುರಿಯುವುದು ನೂರಕ್ಕೆ ಮೂರರ ಹತ್ತಿರ ಬಂದು ನಿಂತಿತು.

ಈಗ ಕೂಲಿಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸ್ಪರ್ಧೆಗೆ ಬರುವ ಬಹಳಷ್ಟು ಪ್ಲಾನ್‌ಗಳಲ್ಲಿ ಕೆಲಸ ಮಾಡುವವರ ಕೂಲಿ ಸುಮ್ನೆ ಒಂದು ಸಾಲಾಗಿ ಕೂತಿರುತ್ತದೆ. ಊರಲ್ಲಿ ಆಗ ನಡೆಯುತ್ತಿದ್ದ ದರ ರೊಟ್ಟಿಗೆ ಒಂದೂವರೆ ರೂಪಾಯಿ. ಒಬ್ಬರು ಬಡಿದು ಇನ್ನೊಬ್ಬರು ಬೇಯಿಸಿದರೆ ತಾಸಿಗೆ ಅರವತ್ತು ಖಡಕ್ ರೊಟ್ಟಿ ಆಗುತ್ತವೆ. ಅಂದರೆ ಇಬ್ಬರಿಗೆ ಸೇರಿ 90 ರೂಪಾಯಿ, ಒಬ್ಬರಿಗೆ 45. ಐದು ತಾಸು ಹಂಚಿನ ಕಾವಿಗೆ ಮುಖ ಕೊಟ್ಟು ಕೂತರೆ 225 ರೂಪಾಯಿ. "ಕಳೆ ತಗ್ಯಾಕ ಹೋದ್ರ ಇದಕ್ಕಿಂತ ಜಾಸ್ತಿ ಬರ್ತೈತಿ, ಗಾಳಿನೂ ಸಿಗ್ತೈತಿ" ಅಂದರು ಒಬ್ಬ ಅಕ್ಕ. ರೊಟ್ಟಿ ಸಣ್ಣದಾಯಿತಲ್ಲ, ದರವೂ ಇಳಿಯಬೇಕಲ್ವಾ ಅಂತ ನಮ್ಮ ತಂಡದಲ್ಲೇ ಮಾತು ಬಂತು. ಆದರೆ ರೊಟ್ಟಿ ಸಣ್ಣದಾದರೆ ಹಿಟ್ಟು ಉಳಿಯುತ್ತದೆ ಹೊರತು ಹೊತ್ತು ಉಳಿಯುವುದಿಲ್ಲ. ಅರಿವೆ ಒತ್ತುವ ಕೆಲಸ ಬೇರೆ ಸೇರಿತ್ತು. ಎರಡೂವರೆ ರೂಪಾಯಿಗೆ ಒಪ್ಪಿಕೊಂಡೆವು. ಐದು ತಾಸಿಗೆ ಒಬ್ಬರಿಗೆ 375 ರೂಪಾಯಿ. ಅವರ ಕೈಕೆಲಸದಿಂದಲೇ ನಿಲ್ಲುವ ವ್ಯಾಪಾರ ಅವರಿಗೆ ಹೊಲದ ಕೂಲಿಯಷ್ಟೂ ಕೊಡದಿದ್ದರೆ ಅದನ್ನು ಪ್ಲಾನ್ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈ ದರ ಇಟ್ಟುಕೊಂಡೇ ಉಳಿದ ಲೆಕ್ಕ ಕಟ್ಟಿದೆವು. ಒಂದು ಕಿಲೋ ಹಿಟ್ಟಿಗೆ ಇಪ್ಪತ್ತೆಂಟು ರೊಟ್ಟಿ. ಜೋಳ, ಗಿರಣಿ ಖರ್ಚು ಸೇರಿ ರೊಟ್ಟಿಗೆ 2 ರೂಪಾಯಿ. ಕೂಲಿ ಎರಡೂವರೆ. ಗ್ಯಾಸ್ 50 ಪೈಸೆ, ಡಬ್ಬಿ ಮತ್ತು ಕವರ್ 80 ಪೈಸೆ, ಮುರಿದದ್ದಕ್ಕೆ 20 ಪೈಸೆ, ಬಸ್ ಪಾರ್ಸಲ್ 50 ಪೈಸೆ. ಒಟ್ಟು ಆರೂವರೆ ರೂಪಾಯಿ. ಬೆಂಗಳೂರಿನ ಅಂಗಡಿಯವರು ಎಂಟೂವರೆಗೆ ತೆಗೆದುಕೊಳ್ಳಲು ಒಪ್ಪಿದ್ದರು. ರೊಟ್ಟಿಗೆ 2 ರೂಪಾಯಿ ಉಳಿಯುತ್ತದೆ. ಬಾಡಿಗೆ, ಲೆಕ್ಕ ನೋಡುವವರ ಪಗಾರ, ಕರೆಂಟು ಸೇರಿ ತಿಂಗಳ ಖಾಯಂ ಖರ್ಚು 20,000 ರೂಪಾಯಿ. ಹಾಗಾಗಿ ತಿಂಗಳಿಗೆ ಹತ್ತು ಸಾವಿರ ರೊಟ್ಟಿ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಪ್ಪತ್ತೈದು ದಿನ ಕೆಲಸ ಅಂದರೆ ದಿನಕ್ಕೆ ನಾನೂರು. ಎರಡು ಜೋಡಿ ಅಕ್ಕಂದಿರು ಆರಾಮಾಗಿ ಮಾಡುವಷ್ಟು. ಈ ಒಂದು ಪುಟ ನಮ್ಮ ಇಡೀ ಪ್ಲಾನ್‌ನ ಬೆನ್ನೆಲುಬು. ಉಳಿದ ಪುಟಗಳನ್ನು ಎರಡು ರಾತ್ರಿ ಕೂತು ಬರೆದರೂ ನಡೆಯುತ್ತಿತ್ತು.

ಕಾಗದಪತ್ರದ ಬಗ್ಗೆ ಹೆದರುವವರು ಜಾಸ್ತಿ. ಅಷ್ಟೇನಿಲ್ಲ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ಮೂಲ ನೋಂದಣಿ ನಾವು ಮಾಡಿಸಿದಾಗ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ವಹಿವಾಟಿಗೆ ಸಾಕಾಗುತ್ತಿತ್ತು, ಶುಲ್ಕ ವರ್ಷಕ್ಕೆ 100 ರೂಪಾಯಿ. ಆಹಾರ ಸಂಸ್ಕರಣೆಗೆ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದಿಂದ ಶೇಕಡಾ 35, ನಮ್ಮ ರಾಜ್ಯದಿಂದ ಇನ್ನೂ 15 ಸಬ್ಸಿಡಿ ಇತ್ತು. ಸಬ್ಸಿಡಿ ಬರುತ್ತದೆ ಅಂತ ನಂಬಿ ಲಾಭದ ಲೆಕ್ಕ ಕಟ್ಟಬೇಡಿ ಅಂತ ನಮ್ಮ ಮೇಡಂ ಹೇಳಿದ್ದರು. ಅದಕ್ಕೇ ಅದನ್ನು ಲೆಕ್ಕದಿಂದ ಹೊರಗಿಟ್ಟು, ಕೊನೆಯಲ್ಲಿ ಒಂದು ಸಾಲಿನಲ್ಲಿ ಮಾತ್ರ ಬರೆದೆವು.

ಬರಹದ ಸುತ್ತು ದಾಟಿ ಕೊನೆಯ ಸುತ್ತಿಗೆ ಬೆಳಗಾವಿಗೆ ಹೋದೆವು. ಜಮಖಂಡಿ, ಮುಧೋಳ, ಯರಗಟ್ಟಿ ಮೇಲೆ ಹೋಗುವ ಬಸ್ಸು. ತೊಡೆಯ ಮೇಲೆ ರೊಟ್ಟಿ ಡಬ್ಬಿ. ಉಳಿದ ತಂಡಗಳ ಪ್ಲಾನ್ ಚೆನ್ನಾಗಿದ್ದವು, ಅವರ ಸ್ಲೈಡು ನಮ್ಮದಕ್ಕಿಂತ ಬಹಳ ಚೆಂದ. ನಮಗೆ ಸಿಕ್ಕದ್ದು ಎಂಟು ನಿಮಿಷ. ಮೊದಲ ನಿಮಿಷದಲ್ಲೇ ಡಬ್ಬಿ ತೀರ್ಪುಗಾರರ ಮೇಜಿನ ಮೇಲಿಟ್ಟು, "ಇದು ನಿನ್ನೆ ರಾತ್ರಿ ವಿಜಯಪುರದಿಂದ ಹೊರಟದ್ದು, ನೀವೇ ತೆರೆಯಿರಿ" ಅಂದೆ. ಅವರು ತೆರೆದರು. ಎರಡು ಮುರಿದಿದ್ದವು. ಮುಚ್ಚಿಡಲಿಲ್ಲ, ನಮ್ಮ ಲೆಕ್ಕದಲ್ಲಿ ಅವೂ ಇವೆ ಅಂತ ಹೇಳಿ ಮುಂದುವರಿಸಿದೆ. ಸ್ಲೈಡಿನ ಸಾಲು ಇಂಗ್ಲಿಷ್‌ನಲ್ಲಿದ್ದವು, ನಾನು ಕನ್ನಡದಲ್ಲೇ ಮಾತಾಡಿದೆ. ಯಾರೂ ಬೇಡ ಅನ್ನಲಿಲ್ಲ.

ಪ್ರಶ್ನೆಗಳಲ್ಲೇ ಆಟ ಇರುವುದು. ತೀರ್ಪುಗಾರರಲ್ಲಿ ಒಬ್ಬರು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿ ಫೌಂಡ್ರಿ ನಡೆಸುವವರು. ಎರಕದ ಕೆಲಸದಲ್ಲಿ ರಿಜೆಕ್ಷನ್, ಅಂದರೆ ಕೆಟ್ಟು ಬೇರೆ ತೆಗೆಯುವ ಮಾಲು, ಎಂಥ ಪೆಟ್ಟು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು! "ನೂರಕ್ಕ ಎಷ್ಟು ರಿಜೆಕ್ಷನ್ ಐತ್ರಿ, ಎಲ್ಲಿ ಆಗ್ತೈತಿ, ಮಾಡೂ ಮುಂದೋ ದಾರ್ಯಾಗೋ?" ಅಂತ ಕೇಳಿದರು. ತಿಕೋಟಾದ ಗೆಳತಿ ನೋಟ್‌ಬುಕ್ ತೆಗೆದು ಅವರ ಕೈಗೇ ಕೊಟ್ಟಳು. ಎಣ್ಣೆ ಕಲೆ, ಹಿಟ್ಟಿನ ಕೈ ಗುರುತು ಎಲ್ಲ ಇದ್ದ ಪುಸ್ತಕ. ಅವರು ಹಾಳೆ ತಿರುಗಿಸಿ ತಿರುಗಿಸಿ ನೋಡಿದರು. ಮುಂದಿನ ಪ್ರಶ್ನೆಯಿಂದ ಅವರ ದನಿಯೇ ಬದಲಾಗಿತ್ತು, ಪಾಲುದಾರರನ್ನು ಕೇಳುವ ಹಾಗೆ ಕೇಳುತ್ತಿದ್ದರು.

ಬ್ಯಾಂಕಿನಿಂದ ಬಂದಿದ್ದವರು, ಜೋಳದ ಸುಗ್ಗಿ ಬಂದಾಗ ಹೆಣ್ಣುಮಕ್ಕಳು ಹೊಲಕ್ಕೆ ಹೋದರೆ ಏನು ಮಾಡುತ್ತೀರಿ ಅಂದರು. ಆ ಹೊತ್ತಿಗೆ ಮೊದಲೇ ಹೆಚ್ಚು ಮಾಡಿ ಇಟ್ಟುಕೊಳ್ಳುತ್ತೇವೆ, ಖಡಕ್ ರೊಟ್ಟಿಗೆ ಎಣ್ಣೆ ಇಲ್ಲ, ತೇವ ತಾಗದಿದ್ದರೆ ತಿಂಗಳು ಇರುತ್ತದೆ ಅಂದೆವು. ಪ್ರಾಧ್ಯಾಪಕರೊಬ್ಬರು ಮಷೀನ್ ಯಾಕೆ ಹಾಕಬಾರದು ಅಂತ ಕೇಳಿದರು. ಹಾಕಬಹುದು. ಆದರೆ ಮಷೀನ್ ಎಲ್ಲಿ ಬೇಕಾದರೂ ಕೂರುತ್ತದೆ, ಆಗ ರೊಟ್ಟಿಗೆ ವಿಜಯಪುರವೇ ಬೇಕಂತಿಲ್ಲ. ಕೈರೊಟ್ಟಿ ಅಂತಲೇ ಗಿರಾಕಿ ಎಂಟೂವರೆ ಕೊಡುತ್ತಿರುವುದು ಅಂತ ಇಂಡಿಯ ಗೆಳೆಯ ಉತ್ತರಿಸಿದ. ಇನ್ನೊಂದು ಪ್ರಶ್ನೆ ಚುರುಕಾಗಿತ್ತು. ತಿಂಗಳಿಗೆ ಹತ್ತು ಸಾವಿರ ರೊಟ್ಟಿ ಎಂಟೂವರೆಯಂತೆ ಮಾರಿದರೆ ವರ್ಷಕ್ಕೆ 10.2 ಲಕ್ಷ, ಸ್ವಲ್ಪ ಬೆಳೆದರೂ 12 ಲಕ್ಷ ದಾಟುತ್ತೀರಿ, ಆಗ? ಆಹಾರ ಸುರಕ್ಷತೆಯ ರಾಜ್ಯ ಪರವಾನಗಿಗೆ ಹೋಗಬೇಕು, ಅಡುಗೆ ಜಾಗವನ್ನೂ ಅದಕ್ಕೆ ತಕ್ಕಂತೆ ಮಾಡಿಸಬೇಕು, ಎರಡನೇ ವರ್ಷದ ಖರ್ಚಿನಲ್ಲಿ ಅದನ್ನು ಹಾಕಿದ್ದೇವೆ ಅಂತ ಪುಟ ತೋರಿಸಿದೆವು.

ಎರಡನೇ ಬಹುಮಾನ ಬಂತು. ಬಹುಮಾನದ ದುಡ್ಡು ಡಬ್ಬಿ ಮಾಡಿಸಲು ಹೋಯಿತು. ಪರೀಕ್ಷೆ ಮುಗಿದ ಮೇಲೆ ತಂಡದ ಇಬ್ಬರು ಕೆಲಸಕ್ಕೆ ಸೇರಿಕೊಂಡರು. ನಾನು ಮತ್ತು ತಿಕೋಟಾದ ಗೆಳತಿ ಸಂಘದ ಜೊತೆ ಮುಂದುವರಿಸಿದ್ದೇವೆ. ದರ ಈಗಲೂ ಅಕ್ಕಂದಿರ ಜೊತೆ ಕೂತೇ ಗೊತ್ತು ಮಾಡುತ್ತೇವೆ. ಜೋಳದ ಬೆಲೆ ಏರಿದಾಗ ಅಂಗಡಿಯವರಿಗೆ ಫೋನ್ ಮಾಡುವ ಕೆಲಸ ನನ್ನದು.

ಸದ್ಯ ತಲೆ ತಿನ್ನುತ್ತಿರುವುದು ಮಳೆಗಾಲ. ಬೆಂಗಳೂರಿನ ತೇವದ ಗಾಳಿಗೆ ಕವರ್ ಒಡೆದ ಮಾರನೇ ದಿನವೇ ರೊಟ್ಟಿ ಮೆತ್ತಗಾಗುತ್ತದೆ ಅಂತ ಗಿರಾಕಿಗಳು ಹೇಳುತ್ತಿದ್ದಾರೆ. ಇಪ್ಪತ್ತರ ಬದಲು ಐದೈದರ ಸಣ್ಣ ಕವರ್ ಹಾಕಿ ಅದೇ ಡಬ್ಬಿಯಲ್ಲಿಟ್ಟು ಕಳಿಸುತ್ತಿದ್ದೇವೆ. ಕವರ್ ಖರ್ಚು ರೊಟ್ಟಿಗೆ 20 ಪೈಸೆ ಜಾಸ್ತಿ ಆಗಿದೆ. ಅದನ್ನು ಎಲ್ಲಿ ಹೊಂದಿಸುವುದು ಅಂತ ಈ ವಾರ ಸಂಘದಲ್ಲಿ ಕೂಡುತ್ತೇವೆ.