ಒಂದೊಂದಾಗಿ ಸೇಫ್, ಒಟ್ಟಿಗೆ ಅಲ್ಲ: ಮೀನಿನ ಹಾರ್ಮೋನ್ ಕೆಡಿಸೋ ಕೆಮಿಕಲ್ ಪತ್ತೆ ಹಚ್ಚೋದು ಹೇಗೆ?

ಮೀನು ಸತ್ತು ತೇಲಿದ್ರೆ ಎಲ್ರ ಕಣ್ಣಿಗೂ ಬೀಳುತ್ತೆ, ಆದ್ರೆ ಹಾರ್ಮೋನ್ ಕೆಡಿಸೋ ಕೆಮಿಕಲ್‌ಗಳು ಹಾಗೆ ಕಾಣೋ ಥರ ಕೆಲಸ ಮಾಡಲ್ಲ, ಮೀನು ಈಜ್ತಾನೇ ಇರುತ್ತೆ, ತಿಂತಾನೂ ಇರುತ್ತೆ, ಮರಿ ಆಗೋದು ಮಾತ್ರ ಕಮ್ಮಿ ಆಗ್ತಾ ಹೋಗುತ್ತೆ. ಗರ್ಭನಿರೋಧಕ ಮಾತ್ರೆಯಲ್ಲಿರೋ ಎಥಿನೈಲ್ ಎಸ್ಟ್ರಾಡಿಯಾಲ್, ಕೆಲವು ಡಿಟರ್ಜೆಂಟ್ ಒಡೆದಾಗ ಉಳಿಯೋ ನೋನೈಲ್‌ಫಿನಾಲ್, ಪ್ಲಾಸ್ಟಿಕ್ ತಯಾರಿಕೆಯ ಬಿಸ್‌ಫಿನಾಲ್ ಎ, ಇವೆಲ್ಲ ಮೀನಿನ ಮೈಯಲ್ಲಿ ಈಸ್ಟ್ರೋಜೆನ್ ಅನ್ನೋ ಹೆಣ್ಣು ಹಾರ್ಮೋನ್ ಥರಾನೇ ನಡ್ಕೊಳ್ತವೆ.

ಹಂತ 1: ಗಂಡು ಮೀನಿನ ರಕ್ತ ನೋಡಿ

ಮೊಟ್ಟೆಯ ಹಳದಿಗೆ ಬೇಕಾದ ವೈಟೆಲ್ಲೊಜೆನಿನ್ ಅನ್ನೋ ಪ್ರೋಟೀನ್ ಹೆಣ್ಣು ಮೀನಿನ ಲಿವರ್‌ನಲ್ಲಿ ತಯಾರಾಗುತ್ತೆ. ಗಂಡಿಗೂ ಆ ಜೀನ್ ಇದೆ, ಆದ್ರೆ ಈಸ್ಟ್ರೋಜೆನ್ ಸಾಕಷ್ಟು ಇಲ್ದೇ ಇರೋದ್ರಿಂದ ಅದು ಹೆಚ್ಚುಕಮ್ಮಿ ಸುಮ್ನೆ ಇರುತ್ತೆ. ಹಾಗಾಗಿ ಗಂಡಿನ ರಕ್ತದಲ್ಲಿ ಈ ಪ್ರೋಟೀನ್ ಏರಿದೆ ಅಂದ್ರೆ ನೀರಲ್ಲಿ ಈಸ್ಟ್ರೋಜೆನ್ ಥರದ್ದು ಏನೋ ಇದೆ ಅಂತ ಅನುಮಾನ ಪಡಲೇಬೇಕು. ರಕ್ತದ ಜೊತೆ ಮೀನಿನ ಮೈಯನ್ನೂ ಗಮನಿಸಿ. ಲ್ಯಾಬ್‌ಗಳಲ್ಲಿ ಜಾಸ್ತಿ ಬಳಸೋ ಫ್ಯಾಟ್‌ಹೆಡ್ ಮಿನೋ ಜಾತೀಲಿ ಸಂತಾನಕ್ಕೆ ಸಿದ್ಧವಾದ ಗಂಡಿನ ಮೂತಿ ಮೇಲೆ ಚಿಕ್ಕ ಚಿಕ್ಕ ಗಟ್ಟಿ ಗುಳ್ಳೆ ಏಳ್ತವೆ, ತಲೆ ಹಿಂದೆ ಮೆತ್ತಗೆ ದಪ್ಪ ಆಗುತ್ತೆ, ಈಸ್ಟ್ರೋಜೆನ್ ಪ್ರಭಾವ ಇದ್ರೆ ಇವು ಕುಗ್ಗುತ್ತವೆ.

ಹಂತ 2: ಮೊದಲು ಒಂದೊಂದೇ ಕೆಮಿಕಲ್

ಒಂದು ತೊಟ್ಟೀಲಿ ಬರೀ ನೀರು, ಉಳಿದವುಗಳಲ್ಲಿ ಕೆಮಿಕಲ್‌ನ ಪ್ರಮಾಣ ಮೆಟ್ಟಿಲು ಮೆಟ್ಟಿಲಾಗಿ ಏರಿಸ್ಬೇಕು. ಕೆಮಿಕಲ್ ಕರಗಿಸೋಕೆ ದ್ರಾವಕ ಬಳಸಿದ್ರೆ ಬರೀ ಆ ದ್ರಾವಕ ಹಾಕಿರೋ ತೊಟ್ಟಿ ಕೂಡ ಬೇಕು. ಕೆಮಿಕಲ್ ಪರೀಕ್ಷೆಗೆ ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡೋ ಒಇಸಿಡಿ ಸಂಸ್ಥೆಯ ಕ್ರಮದಲ್ಲಿ ಇದು 21 ದಿನದ ಪರೀಕ್ಷೆ. ನಡುನಡುವೆ ನೀರಿನ ಸ್ಯಾಂಪಲ್ ತೆಗೆದು ಕೆಮಿಕಲ್ ನಿಜಕ್ಕೂ ಎಷ್ಟಿದೆ ಅಂತ ಅಳೀರಿ, ಯಾಕಂದ್ರೆ ಹಾಕಿದ್ದೆಲ್ಲ ನೀರಲ್ಲೇ ಉಳಿಯಲ್ಲ, ಗಾಜಿಗೆ ಅಂಟುತ್ತೆ, ಒಡೆದೂ ಹೋಗುತ್ತೆ.

ಪ್ರಮಾಣ ಚಿಕ್ಕದು ಅಂತ ಕಡೆಗಣಿಸಬೇಡಿ. ಕೆನಡಾದ ಒಂಟಾರಿಯೊದಲ್ಲಿ ಸಂಶೋಧನೆಗೇ ಮೀಸಲಾದ ಕೆರೆಗಳಿವೆ, ಅದರಲ್ಲಿ ಲೇಕ್ 260ಕ್ಕೆ 2001ರಿಂದ ಮೂರು ಬೇಸಿಗೆ ಎಥಿನೈಲ್ ಎಸ್ಟ್ರಾಡಿಯಾಲ್ ಹಾಕಿದ್ರು, ಲೀಟರ್‌ಗೆ 5-6 ನ್ಯಾನೊಗ್ರಾಂ ಅಷ್ಟೇ, ಅಂದ್ರೆ ಒಂದು ಗ್ರಾಂನ ನೂರು ಕೋಟಿ ಭಾಗ ಮಾಡಿದ್ರೆ ಅದರಲ್ಲಿ ಐದಾರು ಭಾಗ. ಗಂಡುಗಳಲ್ಲಿ ವೈಟೆಲ್ಲೊಜೆನಿನ್ ವಿಪರೀತ ಏರ್ತು, ವೃಷಣದೊಳಗೆ ಮೊಟ್ಟೆಕೋಶ ಕಾಣಿಸ್ಕೊಂಡ್ವು, ಆ ಕೆರೆಯ ಫ್ಯಾಟ್‌ಹೆಡ್ ಮಿನೋ ಸಂತತಿ ಹೆಚ್ಚುಕಮ್ಮಿ ನಿರ್ನಾಮ ಆಯ್ತು. ಇವನ್ನೇ ತಿಂದು ಬದುಕೋ ದೊಡ್ಡ ಮೀನುಗಳಿಗೂ ಅದರ ಬಿಸಿ ತಟ್ಟಿತು.

ಹಂತ 3: ಈಗ ಬೆರೆಸಿ, ತೂಕ ನೋಡಿ ಅಲ್ಲ, ಶಕ್ತಿ ನೋಡಿ

ನನ್ನ ಪ್ರಕಾರ ಇದೇ ಮುಖ್ಯ ಹಂತ. ಹೊರಗಿನ ನೀರಲ್ಲಿ ಯಾವ ಕೆಮಿಕಲ್ಲೂ ಒಂಟಿಯಾಗಿ ಇರಲ್ಲ, ಆದ್ರೂ ಸುರಕ್ಷಿತ ಮಿತಿ ಅಂತ ಹಾಕೋದು ಹೆಚ್ಚಾಗಿ ಒಂದೊಂದಕ್ಕೇ. ನೋನೈಲ್‌ಫಿನಾಲ್ ಎಥಿನೈಲ್ ಎಸ್ಟ್ರಾಡಿಯಾಲ್‌ಗಿಂತ ಸಾವಿರಾರು ಪಟ್ಟು ದುರ್ಬಲ, ಹಾಗಾಗಿ ಸಮ ತೂಕ ಬೆರೆಸಿದ್ರೆ ಏನೂ ಗೊತ್ತಾಗಲ್ಲ. ಪ್ರತಿಯೊಂದೂ ಒಂಟಿಯಾಗಿ ಒಂದೇ ಮಟ್ಟದ ಪರಿಣಾಮ ತೋರಿಸೋ ಪ್ರಮಾಣ ಎಷ್ಟು ಅಂತ ಹಂತ 2ರಲ್ಲಿ ಸಿಕ್ಕಿರುತ್ತಲ್ಲ, ಐದು ಕೆಮಿಕಲ್ ಇದ್ರೆ ಒಂದೊಂದರಲ್ಲೂ ಅದರ ಐದನೇ ಒಂದು ಭಾಗ ತಗೊಳ್ಳಿ. ಎಲ್ಲ ಒಂದೇ ದಾರೀಲಿ ಕೆಲಸ ಮಾಡೋದಾದ್ರೆ ಕೂಡಿದಾಗ ಅದೇ ಮಟ್ಟದ ಪರಿಣಾಮ ಬರ್ಬೇಕು. ಈ ಲೆಕ್ಕವನ್ನ ಪರೀಕ್ಷೆಗೆ ಮುಂಚೇನೇ ಬರೆದಿಟ್ಕೊಳ್ಳಿ, ಆಮೇಲೆ ಹೋಲಿಸಿ.

2005ರಲ್ಲಿ ಪ್ರಕಟವಾದ ಬ್ರಿಟನ್ ಸಂಶೋಧಕರ ಕೆಲಸದಲ್ಲಿ ಈಸ್ಟ್ರೋಜೆನ್ ಥರದ ಐದು ಕೆಮಿಕಲ್‌ಗಳನ್ನ ಗಂಡು ಫ್ಯಾಟ್‌ಹೆಡ್ ಮಿನೋಗಳ ಮೇಲೆ ಹೀಗೇ ಬೆರೆಸಿ ನೋಡಿದ್ರು. ಒಂಟಿಯಾಗಿ ಹೇಳಿಕೊಳ್ಳೋ ಪರಿಣಾಮ ಇಲ್ಲದ ಪ್ರಮಾಣಗಳೇ ಒಟ್ಟಿಗೆ ಸೇರಿದಾಗ ವೈಟೆಲ್ಲೊಜೆನಿನ್ ಏರ್ತು, ಅದೂ ಕೂಡಿಕೆ ಲೆಕ್ಕ ಹೇಳಿದಷ್ಟೇ.

ಹಂತ 4: ಎದುರುಬದುರು ಕೆಲಸ ಮಾಡೋವೂ ಇರ್ತವೆ

ದನಗಳು ಬೇಗ ಬೆಳೀಲಿ ಅಂತ ಕೆಲವು ದೇಶಗಳಲ್ಲಿ ಬಳಸೋ ಟ್ರೆನ್ಬೊಲೋನ್ ಗಂಡು ಹಾರ್ಮೋನ್ ಥರದ್ದು, ಅದು ಸೇರಿದ ನೀರಲ್ಲಿ ಹೆಣ್ಣು ಮಿನೋ ಮೂತಿ ಮೇಲೇನೇ ಗಂಡಿನ ಗುಳ್ಳೆ ಏಳ್ತವೆ, ವೈಟೆಲ್ಲೊಜೆನಿನ್ ಇಳಿಯುತ್ತೆ. ಇಂಥದ್ದೂ ಈಸ್ಟ್ರೋಜೆನ್ ಥರದ್ದೂ ಒಂದೇ ನೀರಲ್ಲಿದ್ರೆ ಒಂದರ ಗುರುತನ್ನ ಇನ್ನೊಂದು ಮುಚ್ಚಿಹಾಕಬಹುದು, ರಕ್ತದ ರಿಪೋರ್ಟ್ ನಾರ್ಮಲ್ ಅನ್ನುತ್ತೆ, ಮೀನು ಮಾತ್ರ ನಾರ್ಮಲ್ ಇರಲ್ಲ. ಅದಕ್ಕೇ ರಕ್ತ ಒಂದನ್ನೇ ನಂಬಬೇಡಿ, ದಿನಾ ಎಷ್ಟು ಮೊಟ್ಟೆ ಇಟ್ಟವು, ಎಷ್ಟು ಫಲಿತ ಆದ್ವು, ಎಷ್ಟು ಮರಿ ಆದ್ವು ಅಂತ ತೊಟ್ಟಿವಾರು ಎಣಿಸಿ ಬರೆದಿಡಿ, ಪರೀಕ್ಷೆ ಮುಗಿದ ಮೇಲೆ ವೃಷಣ, ಅಂಡಾಶಯದ ತೆಳು ಸೀಳು ಮಾಡಿ ಮೈಕ್ರೋಸ್ಕೋಪ್‌ನಲ್ಲಿ ನೋಡಿ.