ಗಾಜಿನ ತೊಟ್ಟಿಯ ಬಸವನಹುಳು ಹೊಳೆ ಸೇರದಿರಲಿ

ಅಕ್ವೇರಿಯಂಗೆಂದು ತಂದ ಗಿಡದ ಎಲೆಯನ್ನು ಮಗುಚಿ ನೋಡಿ. ಬೆಂದ ಸಾಬೂದಾನಿಯಂಥ ತಿಳಿಲೋಳೆ ಅಂಟಿದ್ದು, ಒಳಗೆ ಚುಕ್ಕೆಗಳು ಕಂಡರೆ ಅವು ಬಸವನಹುಳುವಿನ ಮೊಟ್ಟೆಗಳು. ಬಾಗಲಕೋಟೆಯ ನಮ್ಮ ಮನೆಗೆ ಅವು ಬಂದದ್ದು ಹೀಗೆಯೇ. ಕೆಲವೇ ತಿಂಗಳಲ್ಲಿ ಗಾಜಿನ ತುಂಬ ಹುಳುಗಳು. ‘ಬಕೆಟ್ಟಿಗೆ ತುಂಬಿ ಹಿನ್ನೀರಿಗೆ ಸುರಿದು ಬನ್ನಿ’ ಎಂದರು ನೆರೆಯವರು. ಆ ಒಂದು ಕೆಲಸವನ್ನು ದಯವಿಟ್ಟು ಮಾಡಬೇಡಿ.

ಅಮೆರಿಕದ ಇಡಾಹೊ ರಾಜ್ಯದ ಸ್ನೇಕ್ ನದಿಯಲ್ಲಿ 1987ರಲ್ಲಿ ನ್ಯೂಜಿಲೆಂಡ್ ಮೂಲದ ಪುಟ್ಟ ಕೆಸರು ಬಸವನಹುಳು ಪತ್ತೆಯಾಯಿತು. ಉದ್ದ ಐದಾರು ಮಿಲಿಮೀಟರ್ ಅಷ್ಟೇ. ಅಲ್ಲಿ ಹರಡಿದ್ದೆಲ್ಲ ಬಹುಪಾಲು ಹೆಣ್ಣುಗಳೇ. ಗಂಡಿನ ಹಂಗಿಲ್ಲದೆ ಮರಿ ಹಾಕುತ್ತವೆ. ಗಾಳ ಹಾಕುವವರ ಬೂಟಿಗೆ ಅಂಟಿಕೊಂಡು ಆ ಶೀತಪ್ರದೇಶದ ಹೊಳೆಯಿಂದ ಹೊಳೆಗೆ ಹೋದವು. ಕೆಲವೆಡೆ ಒಂದು ಚದರ ಮೀಟರಿಗೆ ಲಕ್ಷ ಮೀರಿ ಎಣಿಸಿದ್ದಾರೆ. ಮೀನು ನುಂಗಿದರೂ ಎಷ್ಟೋ ಹುಳುಗಳು ಜೀವಂತ ಹೊರಬೀಳುತ್ತವೆ. ಒಮ್ಮೆ ಬೇರೂರಿದ ಮೇಲೆ ಹೊಳೆಯಿಂದ ಅವನ್ನು ಕಿತ್ತೊಗೆಯಲು ದಾರಿಯೇ ಇಲ್ಲ.

ನಮ್ಮ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಬೇರೆ ಜಾತಿ, ಫೈಸೆಲ್ಲಾ ಅಕ್ಯೂಟಾ. ಚಿಪ್ಪಿನ ಚೂಪುತುದಿ ಮೇಲಿರುವಂತೆ, ಬಾಯಿ ನಿಮ್ಮೆದುರಿಗೆ ಬರುವಂತೆ ಹಿಡಿಯಿರಿ; ಬಾಯಿ ಎಡಕ್ಕಿದ್ದರೆ ಬಹುಶಃ ಅದೇ. ಉತ್ತರ ಅಮೆರಿಕದ ಈ ಹುಳು ಭಾರತದ ನೀರಿನಲ್ಲೂ ದಾಖಲಾಗಿದೆ. ಗಂಡು-ಹೆಣ್ಣು ಎರಡೂ ಒಂದೇ ದೇಹದಲ್ಲಿರುವುದರಿಂದ ಒಂಟಿ ಹುಳುವೂ ಸಂತಾನ ಬೆಳೆಸಬಲ್ಲದು.

ಹೊಸ ಗಿಡವನ್ನು ಮೂರು ವಾರ ಬೇರೆ ಬಕೆಟ್ಟಿನಲ್ಲಿಡಿ. ದಿನವೂ ಎಲೆಯ ಅಡಿಭಾಗ ನೋಡಿ, ಲೋಳೆ ಕಂಡರೆ ಉಗುರಿನಿಂದ ಕೆರೆದು ತೆಗೆಯಿರಿ. ತಪ್ಪಿಸಿಕೊಂಡ ಮೊಟ್ಟೆ ಅಷ್ಟರಲ್ಲಿ ಒಡೆದು ಮರಿ ಕಣ್ಣಿಗೆ ಬೀಳುತ್ತದೆ.

ತೊಟ್ಟಿಗೆ ಈಗಾಗಲೇ ಬಂದಿದ್ದರೆ ಮೊದಲು ಮೀನಿನ ಆಹಾರ ಕಡಿಮೆ ಮಾಡಿ. ತಳದಲ್ಲಿ ಕೊಳೆಯುವ ಕಾಳೇ ಹುಳುವಿನ ಊಟ. ರಾತ್ರಿ ದೀಪ ಆರಿಸುವಾಗ ಬೇಯಿಸಿದ ಸೌತೆಕಾಯಿಯ ಬಿಲ್ಲೆಯೊಂದನ್ನು ದಾರ ಕಟ್ಟಿ ಇಳಿಬಿಡಿ. ಬೆಳಿಗ್ಗೆ ಬಿಲ್ಲೆಯ ಮೇಲೆ ಮುತ್ತಿಕೊಂಡಿರುತ್ತವೆ, ಮೆಲ್ಲಗೆ ಎತ್ತಿ. ಎರಡು ವಾರ ಬಿಡದೆ ಮಾಡಿ. ತಾಮ್ರದ ಔಷಧಿ ಬೇಡವೇ ಬೇಡ, ಸಿಗಡಿಗಳೂ ಸಾಯುತ್ತವೆ.

ಹಿಡಿದ ಹುಳುಗಳನ್ನು ಡಬ್ಬಿಯಲ್ಲಿ ಮುಚ್ಚಿ ಎರಡು ರಾತ್ರಿ ಫ್ರೀಜರಿನಲ್ಲಿಟ್ಟು ಹೂಳಿ. ತೊಟ್ಟಿಯ ನೀರನ್ನು ಚರಂಡಿಗೋ ಕಾಲುವೆಗೋ ಬಿಡದೆ, ಬಿಸಿಲು ಬೀಳುವ ಕೈತೋಟದ ಮಣ್ಣಿಗೆ ಚೆಲ್ಲಿ.

ಬಲೆ, ಪೈಪು, ಬಕೆಟ್ಟುಗಳನ್ನು ಮರೆಯಬೇಡಿ. ವಿಜಯಪುರದ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹರವಿದರೆ ಒಂದೆರಡು ದಿನದಲ್ಲಿ ಗರಿಗರಿ ಒಣಗುತ್ತವೆ. ಬೆಳಗಾವಿಯ ಮಳೆಗಾಲದಲ್ಲಿ ಆ ಭರವಸೆಯಿಲ್ಲ. ಅಲ್ಲಿನವರು ಅವುಗಳ ಮೇಲೆ ಕುದಿನೀರನ್ನೇ ಸುರಿಯಬೇಕು.