ಅಮೆರಿಕದಲ್ಲಿ ಸಮಾಜಶಾಸ್ತ್ರದ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕಿದ್ದು: ನನ್ನ ಅನುಭವ

ನಮ್ಮ ಕಡೆ ಕಾಲೇಜಿನಲ್ಲಿ ಪಾಠ ಮಾಡಬೇಕೆಂದರೆ ದಾರಿ ಎಲ್ಲರಿಗೂ ಗೊತ್ತು. ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು, ಅಧಿಸೂಚನೆಗೆ ಕಾಯಬೇಕು, ಪರೀಕ್ಷೆ ಬರೆಯಬೇಕು, ಆಮೇಲೆ ರೋಸ್ಟರ್ ಗಲಾಟೆ, ಕೋರ್ಟು ಕೇಸು. ಅಮೆರಿಕದಲ್ಲಿ ಪರೀಕ್ಷೆಯೇ ಇಲ್ಲ. ಒಂದೊಂದು ವಿಭಾಗವೂ ತನಗೆ ಬೇಕಾದವರನ್ನು ತಾನೇ ಹುಡುಕಿಕೊಳ್ಳುತ್ತದೆ. ನಾಲ್ಕೈದು ಮೇಷ್ಟ್ರುಗಳ ಒಂದು ಸಮಿತಿ ಕೂತು ನೂರಾರು ಅರ್ಜಿ ಓದುತ್ತದೆ. ನಿಮ್ಮ ಅಂಕಪಟ್ಟಿಗೆ ಅಷ್ಟೇನೂ ಬೆಲೆಯಿಲ್ಲ.

ನಾನು ಮಿಡ್‌ವೆಸ್ಟ್‌ನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸುತ್ತಾ, 2022ರಲ್ಲಿ ಟೆನ್ಯೂರ್ ಟ್ರ್ಯಾಕ್ ಕೆಲಸಗಳಿಗೆ ಅರ್ಜಿ ಹಾಕಿದೆ. ಟೆನ್ಯೂರ್ ಟ್ರ್ಯಾಕ್ ಅಂದರೆ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿ ಸುಮಾರು 6 ವರ್ಷ ಪ್ರೊಬೇಷನ್. ಕೊನೆಗೆ ನಿಮ್ಮ ಬರವಣಿಗೆಯನ್ನು ಬೇರೆ ವಿಶ್ವವಿದ್ಯಾಲಯಗಳ ಪ್ರೊಫೆಸರ್‌ಗಳಿಗೆ ಕಳಿಸಿ ಅಭಿಪ್ರಾಯ ಕೇಳುತ್ತಾರೆ. ಒಪ್ಪಿಗೆಯಾದರೆ ಕಾಯಂ. ಇಲ್ಲದಿದ್ದರೆ ಸಾಮಾನ್ಯವಾಗಿ ಇನ್ನೊಂದು ವರ್ಷ ಇಟ್ಟುಕೊಂಡು ಕಳಿಸಿಬಿಡುತ್ತಾರೆ.

ಇದಕ್ಕೆ ಒಂದು ಸೀಸನ್ ಇದೆ. ಬೇಸಿಗೆಯ ಕೊನೆಯಲ್ಲಿ ಅಮೆರಿಕನ್ ಸೋಷಿಯಲಾಜಿಕಲ್ ಅಸೋಸಿಯೇಷನ್ನಿನ ಜಾಬ್ ಬ್ಯಾಂಕಿನಲ್ಲಿ ಜಾಹೀರಾತುಗಳು ಬರತೊಡಗುತ್ತವೆ. ಸಂಶೋಧನೆಗೆ ಹೆಸರಾದ ದೊಡ್ಡ ವಿಶ್ವವಿದ್ಯಾಲಯಗಳ ಗಡುವು ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್. ಪಾಠಕ್ಕೆ ಒತ್ತು ಕೊಡುವ ಕಾಲೇಜುಗಳದ್ದು ಇನ್ನೂ ತಡ. ಹಾಗಾಗಿ ಜೂನ್, ಜುಲೈನಲ್ಲೇ ಅರ್ಜಿಯ ಪತ್ರ, ಮಾದರಿ ಬರಹ ಎಲ್ಲ ಸಿದ್ಧವಿರಬೇಕು. ಸೆಮಿಸ್ಟರ್ ಶುರುವಾದ ಮೇಲೆ ಪಾಠ, ಪ್ರಬಂಧ, ಅರ್ಜಿ ಮೂರನ್ನೂ ಒಟ್ಟಿಗೆ ನಡೆಸುವುದು ಸುಮ್ನೆ ಮಾತಲ್ಲ.

ನನ್ನಂಥವರಿಗೆ ಅಸಲಿ ತೊಡಕು ಬೇರೆ. ಅಮೆರಿಕದ ಸಮಾಜಶಾಸ್ತ್ರ ಬಹುಪಾಲು ಅಮೆರಿಕವನ್ನೇ ಓದುತ್ತದೆ. ಜಾಹೀರಾತಿನಲ್ಲಿ ಕಾಣುವುದು ಅಪರಾಧ, ಆರೋಗ್ಯ, ಜನಾಂಗ, ಸಂಖ್ಯಾತ್ಮಕ ವಿಧಾನ. ಭಾರತ ಬಲ್ಲವರು ಬೇಕು ಅಂತ ಕೇಳುವುದು ಅಪರೂಪ. ನನ್ನ ಕೆಲಸವೋ, ಬೆಂಗಳೂರು ಮತ್ತು ರಾಮನಗರ ಸುತ್ತಿನ ಗಾರ್ಮೆಂಟ್ಸ್ ಹೆಂಗಸರ ಬಗ್ಗೆ. ಅದರ ನಡುಭಾಗ 2016ರ ಏಪ್ರಿಲ್. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ಆಗುವ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಸಾವಿರಾರು ಹೆಂಗಸರು ಫ್ಯಾಕ್ಟರಿ ಬಿಟ್ಟು ಬೀದಿಗಿಳಿದರು. ಬೆಂಗಳೂರಿನ ಹೆದ್ದಾರಿಗಳೇ ನಿಂತುಹೋದವು. ಎರಡೇ ದಿನದಲ್ಲಿ ಸರ್ಕಾರ ಹಿಂದೆ ಸರಿಯಿತು. ಅವರಲ್ಲಿ ಹೆಚ್ಚಿನವರು ಯಾವ ಯೂನಿಯನ್ನಿಗೂ ಸೇರಿದವರಲ್ಲ.

ಇದನ್ನು ಕೇಳಿದರೆ ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ಅಲ್ಲಿಯ ಸಮಿತಿ ಮಾತ್ರ ಒಂದೇ ಪ್ರಶ್ನೆ ಕೇಳುತ್ತದೆ: ಇದು ಯಾವುದಕ್ಕೆ ಉದಾಹರಣೆ? ಶಿಕಾಗೋದಲ್ಲಿ ಸಂಶೋಧನೆ ಮಾಡಿದವರಿಗೆ ಈ ಪ್ರಶ್ನೆ ಅಷ್ಟಾಗಿ ಬರಲ್ಲ. ಶಿಕಾಗೋ ಅಂದರೆ ನಗರ, ಬೆಂಗಳೂರು ಅಂದರೆ ಭಾರತ! ಇದು ಅನ್ಯಾಯ ಅಂತ ಈಗಲೂ ನನಗೆ ಅನಿಸುತ್ತದೆ. ಆದರೆ ಅರ್ಜಿಯಲ್ಲಿ ಜಗಳ ಆಡಿ ಗೆಲ್ಲಲು ಆಗಲ್ಲ. ಅದಕ್ಕೇ ಪತ್ರದ ಮೊದಲ ಪ್ಯಾರಾದಲ್ಲಿ ಬೆಂಗಳೂರಿನ ಹೆಸರು ಬರೆಯಲಿಲ್ಲ. ಸಂಘಟನೆ ಇಲ್ಲದ ಕೆಲಸಗಾರರು ಒಟ್ಟಾಗಿ ಬೀದಿಗೆ ಬರುವುದು ಹೇಗೆ ಅಂತ ಪ್ರಶ್ನೆ ಎತ್ತಿದೆ. ಆ ಹೆಂಗಸರನ್ನು ಒಟ್ಟುಗೂಡಿಸಿದ ಊರು, ವ್ಯಾನು, ಒಂದೇ ವಠಾರದ ಬಾಡಿಗೆ ಕೋಣೆ, ಚೀಟಿ ಹಣ ಎಲ್ಲ ಎರಡನೇ ಪ್ಯಾರಾದಲ್ಲಿ ಉತ್ತರವಾಗಿ ಬಂದವು. ಕೆಲಸ ಅದೇ, ಅಧ್ಯಾಯಗಳೂ ಅವೇ. ಕಾರ್ಮಿಕರು, ಲಿಂಗ, ಸಾಮಾಜಿಕ ಚಳವಳಿ ಅಂತ ಕೇಳಿದ ಮೂರೂ ಬಗೆಯ ಜಾಹೀರಾತಿಗೆ ಹೊಂದಿತು.

ಪತ್ರ ಎರಡು ಪುಟ ಮೀರಬಾರದು. ಜಾಹೀರಾತಿನಲ್ಲಿ ಅವರು ಬಳಸಿದ ಪದಗಳನ್ನೇ ಪತ್ರದಲ್ಲಿ ಬಳಸಿದೆ. ಅವರ ವಿಭಾಗದ ಕೋರ್ಸ್ ಪಟ್ಟಿ ತೆಗೆದು, ಯಾವುದನ್ನು ನಾಳೆಯೇ ಪಾಠ ಮಾಡಬಲ್ಲೆ ಅಂತ ಹೆಸರು ಹಿಡಿದು ಬರೆದೆ. ಸಮಿತಿಯಲ್ಲಿ ನನ್ನ ಕ್ಷೇತ್ರದವರು ಒಬ್ಬರಿದ್ದರೆ ಜಾಸ್ತಿ. ಉಳಿದವರಿಗೆ ಇವಳನ್ನು ಎಲ್ಲಿ ಕೂರಿಸುವುದು ಅಂತ ಗೊತ್ತಾಗಬೇಕಲ್ವಾ? ಹೇಗೆ ಪಾಠ ಮಾಡುತ್ತೇನೆ ಅಂತ ತಿಳಿಸುವ ಬೋಧನಾ ಹೇಳಿಕೆಯಲ್ಲಿ ದೊಡ್ಡ ತತ್ವಗಳನ್ನು ಬಿಟ್ಟು ಒಂದು ತರಗತಿಯನ್ನು ವಿವರಿಸಿದೆ. ವಿದ್ಯಾರ್ಥಿಗಳಿಗೆ ತಮ್ಮ ಅಂಗಿಯ ಕಾಲರ್ ಹಿಂದಿನ ಲೇಬಲ್ ನೋಡಲು ಹೇಳುತ್ತೇನೆ. ಬೋರ್ಡಿನ ಮೇಲೆ ದೇಶಗಳ ಪಟ್ಟಿ ಬೆಳೆಯುತ್ತದೆ. ಅಲ್ಲಿಂದ ಜಾಗತಿಕ ಶ್ರಮ ವಿಭಜನೆಯ ಪಾಠ ಶುರು. ಸಂದರ್ಶನಗಳಲ್ಲಿ ಇದನ್ನು ನೆನಪಿಟ್ಟುಕೊಂಡು ಕೇಳಿದವರು ಇದ್ದರು.

ಶಿಫಾರಸು ಪತ್ರಗಳು ಮೂರು ಬೇಕು. ಇಲ್ಲಿ ಒಂದು ಕಿವಿಮಾತು. ಭಾರತದ ಮೇಷ್ಟ್ರುಗಳು ಪ್ರೀತಿಯಿಂದ ಅರ್ಧ ಪುಟ ಬರೆಯುತ್ತಾರೆ: ಶ್ರದ್ಧೆಯ ಹುಡುಗಿ, ಒಳ್ಳೆಯ ನಡತೆ. ಅಮೆರಿಕದ ಸಮಿತಿ ಅದನ್ನು 'ಬೇರೇನೂ ಹೇಳಲು ಇರಲಿಲ್ಲ' ಅಂತ ಓದಿಕೊಳ್ಳುತ್ತದೆ. ಅಲ್ಲಿ ಎರಡು ಮೂರು ಪುಟ, ಪ್ರಬಂಧದ ವಾದ ಏನು, ಅದು ಯಾಕೆ ಮುಖ್ಯ ಅಂತ ಬರೆಯುವ ರೂಢಿ. ಅಮೆರಿಕದ ಹೊರಗಿನವರ ಪತ್ರ ತರುವುದಾದರೆ ಮೊದಲೇ ವಿವರಿಸಿ ಹೇಳಬೇಕು. ಪತ್ರಗಳನ್ನು ಇಂಟರ್‌ಫೋಲಿಯೋ ಎಂಬ ಆನ್‌ಲೈನ್ ಸೇವೆಯಲ್ಲಿ ಒಮ್ಮೆ ಹಾಕಿಸಿಟ್ಟರೆ ಸಾಕು, ಪ್ರತಿ ಅರ್ಜಿಗೂ ಮೇಷ್ಟ್ರನ್ನು ಕಾಡುವುದು ತಪ್ಪುತ್ತದೆ.

ಜೂಮ್ ಸಂದರ್ಶನ ಅರ್ಧ ಗಂಟೆಯ ವ್ಯವಹಾರ. ನಿಮ್ಮ ಸಂಶೋಧನೆಯನ್ನು ಎರಡು ನಿಮಿಷದಲ್ಲಿ ಹೇಳಿ ಅನ್ನುತ್ತಾರೆ, ನಿಜವಾಗಿ ಎರಡೇ ನಿಮಿಷದಲ್ಲಿ ಹೇಳಿ. ಗೆದ್ದ ಮೂರು ನಾಲ್ಕು ಜನರನ್ನು ಕ್ಯಾಂಪಸ್ಸಿಗೆ ಕರೆಸುತ್ತಾರೆ, ಖರ್ಚು ಅವರದ್ದು. ಒಂದೂವರೆ ಎರಡು ದಿನ. ಬೆಳಗ್ಗೆ ತಿಂಡಿಯಿಂದ ರಾತ್ರಿ ಊಟದ ತನಕ ಒಬ್ಬೊಬ್ಬರ ಕೋಣೆಗೂ ಮದುವೆ ಹೆಣ್ಣಿನ ಹಾಗೆ ಕರೆದೊಯ್ಯುತ್ತಾರೆ. ಊಟವೂ ಸಂದರ್ಶನವೇ. ಮಾತಾಡುವವಳು ನೀವೊಬ್ಬರೇ ಆದ್ದರಿಂದ ತಟ್ಟೆಯಲ್ಲಿದ್ದದ್ದು ಹಾಗೇ ತಣ್ಣಗಾಗುತ್ತದೆ. ನಾನು ಬ್ಯಾಗಿನಲ್ಲಿ ಕಡಲೆಕಾಯಿ ಚಿಕ್ಕಿ ಇಟ್ಟುಕೊಂಡಿರುತ್ತಿದ್ದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಬ್ ಟಾಕ್. 45 ನಿಮಿಷದ ಭಾಷಣ, ಆಮೇಲೆ ಪ್ರಶ್ನೆ. ಪ್ರಶ್ನೆಗಳಿಗೇ ನಾನು ಜಾಸ್ತಿ ತಯಾರಾದೆ. ಜಾತಿಯ ಬಗ್ಗೆ ಕೇಳಿಯೇ ಕೇಳುತ್ತಾರೆ, ಜನಾಂಗಕ್ಕೆ ಹೋಲಿಸಿ ಕೇಳುತ್ತಾರೆ. 1930ರ ದಶಕದಲ್ಲೇ ಮಾನವಶಾಸ್ತ್ರಜ್ಞ ಲಾಯ್ಡ್ ವಾರ್ನರ್ ಮತ್ತಿತರರು ಅಮೆರಿಕದ ದಕ್ಷಿಣ ರಾಜ್ಯಗಳನ್ನು ಜಾತಿ ವ್ಯವಸ್ಥೆ ಅಂತ ಕರೆದಿದ್ದರು, ಸಮಾಜಶಾಸ್ತ್ರಜ್ಞ ಆಲಿವರ್ ಕಾಕ್ಸ್ ಅದನ್ನು ಗಟ್ಟಿಯಾಗಿ ವಿರೋಧಿಸಿದ್ದರು. ಆ ಹಳೆಯ ಜಗಳ ಎತ್ತಿದ ಕೂಡಲೇ ಮಾತು ಅವರ ಅಂಗಳಕ್ಕೆ ಬಂತು. ಭಾರತ ಅಂದರೆ ನಮಗೆ ಗೊತ್ತಿಲ್ಲಪ್ಪ ಅನ್ನುವಂತೆ ಕೂತಿದ್ದವರು ತಮ್ಮತಮ್ಮಲ್ಲೇ ವಾದಕ್ಕೆ ಇಳಿದರು. ಅಲ್ಲಿಂದಾಚೆ ಅದು ಸಂದರ್ಶನದ ಹಾಗೆ ಇರಲಿಲ್ಲ.

ಒಂದು ಕಡೆ ರಾತ್ರಿ ಊಟದಲ್ಲಿ ಹಿರಿಯರೊಬ್ಬರು ನನ್ನ ಗಂಡ ಎಲ್ಲಿ ಕೆಲಸ ಮಾಡುತ್ತಾರೆ ಅಂತ ಕೇಳಿದರು. ಸಂಸಾರದ ವಿಷಯ ಕೇಳಬಾರದು ಅಂತ ಸಮಿತಿಗಳಿಗೆ ಹೇಳಿಯೇ ಕಳಿಸಿರುತ್ತಾರೆ. ನಕ್ಕು, ನಿಮ್ಮ ಊರಿನಲ್ಲಿ ಚಳಿ ಎಷ್ಟಿರುತ್ತದೆ ಅಂತ ಕೇಳಿದೆ. ಅಲ್ಲಿಂದ ಕೆಲಸ ಬರಲಿಲ್ಲ. ಕಾರಣ ಯಾರೂ ಹೇಳಲ್ಲ.

ವೀಸಾ ಮಾತು ಜೂಮ್‌ನಲ್ಲಿ ಎತ್ತಬೇಕಾಗಿಲ್ಲ. ಅರ್ಜಿಯಲ್ಲಿ ಸ್ಪಾನ್ಸರ್‌ಷಿಪ್ ಬೇಕೇ ಅಂತ ಕೇಳಿದ್ದರೆ ಮಾತ್ರ ಹೌದು ಅಂತಲೇ ಬರೆಯಬೇಕು. ಸಮಾಜಶಾಸ್ತ್ರ ಸಾಮಾನ್ಯವಾಗಿ ಸ್ಟೆಮ್ ಪಟ್ಟಿಯಲ್ಲಿ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಇಲ್ಲ, ಹಾಗಾಗಿ ಓಪಿಟಿ, ಅಂದರೆ ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ, ಸಿಗುವುದು 12 ತಿಂಗಳು ಮಾತ್ರ. ಸಮಾಧಾನದ ವಿಷಯ ಅಂದರೆ ವಿಶ್ವವಿದ್ಯಾಲಯಗಳು ಕೊಡಿಸುವ ಎಚ್-1ಬಿ ಕೆಲಸದ ವೀಸಾಕ್ಕೆ ಲಾಟರಿ ಇಲ್ಲ. ನನ್ನ ನಂತರ ಕಾಲ ಕೆಟ್ಟಿದೆ ನಿಜ. 2025ರಲ್ಲಿ ಹಲವು ವಿಶ್ವವಿದ್ಯಾಲಯಗಳು ನೇಮಕಾತಿ ನಿಲ್ಲಿಸಿದವು. ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕದ ಆದೇಶವೂ ಬಂತು. ಅಮೆರಿಕದಲ್ಲೇ ಇದ್ದು ವೀಸಾ ಬದಲಿಸಿಕೊಳ್ಳುವವರಿಗೆ ಅದು ಅನ್ವಯಿಸಲ್ಲ ಅಂತ ಆಮೇಲೆ ಸ್ಪಷ್ಟಪಡಿಸಿದರು. ಅರ್ಜಿ ಹಾಕುವಾಗ ನೀವು ಎಲ್ಲಿದ್ದೀರಿ ಅನ್ನುವುದೇ ಈಗ ದೊಡ್ಡ ವಿಷಯವಾಗಿದೆ.

ಆಫರ್ ಬಂದ ಮೇಲೆ ಚೌಕಾಸಿ ಮಾಡಿದರೆ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ನಮ್ಮವರಿಗೆ ಜಾಸ್ತಿ. ಮರ್ಯಾದೆಯಿಂದ ಕೇಳಿದರೆ ಹಾಗೆ ಆಗುವುದು ತೀರಾ ಕಡಿಮೆ. ಸಂಬಳ ಹೆಚ್ಚಾಗಿ 9 ತಿಂಗಳದ್ದು, ಬೇಸಿಗೆಗೆ ಇಲ್ಲ. ಹಾಗಾಗಿ ನಾನು ಸಂಬಳಕ್ಕಿಂತ ಬೇಸಿಗೆಯ ಹಣ, ಬೆಂಗಳೂರಿಗೆ ಹೋಗಿಬರುವ ಖರ್ಚು, ಮೊದಲ ವರ್ಷ ಒಂದು ಕೋರ್ಸ್ ಕಡಿಮೆ ಮಾಡುವುದು ಇವನ್ನು ಕೇಳಿದೆ. ಕೋರ್ಸ್ ಕೊಟ್ಟರು, ಬೇಸಿಗೆ ಹಣದಲ್ಲಿ ಅರ್ಧ ಕೊಟ್ಟರು. ಗ್ರೀನ್ ಕಾರ್ಡ್ ಅರ್ಜಿ ಯಾವಾಗ ಹಾಕುತ್ತೀರಿ ಅಂತ ಬರವಣಿಗೆಯಲ್ಲಿ ತೆಗೆದುಕೊಂಡೆ. ಕಾಲೇಜು ಅಧ್ಯಾಪಕರಿಗೆ ಒಂದು ವಿಶೇಷ ಸವಲತ್ತು ಇದೆ, ಆಯ್ಕೆಯಾದ 18 ತಿಂಗಳೊಳಗೆ ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಲೇಬರ್ ಸರ್ಟಿಫಿಕೇಷನ್ ಅರ್ಜಿಯನ್ನು ವಿಶ್ವವಿದ್ಯಾಲಯ ಸಲ್ಲಿಸಿದರೆ ಮತ್ತೆ ಜಾಹೀರಾತು ಕೊಟ್ಟು ನೇಮಕಾತಿ ನಡೆಸಬೇಕಾಗಿಲ್ಲ. ಲೆಕ್ಕ ಕೆಲಸಕ್ಕೆ ಸೇರಿದ ದಿನದಿಂದ ಅಲ್ಲ, ಆಯ್ಕೆಯಾದ ದಿನದಿಂದ. ಜನವರಿಯಲ್ಲಿ ಆಯ್ಕೆಯಾಗಿ ಆಗಸ್ಟ್‌ನಲ್ಲಿ ಸೇರುವ ಹೊತ್ತಿಗೆ 7 ತಿಂಗಳು ಆಗಲೇ ಕಳೆದಿರುತ್ತದೆ. ಭಾರತೀಯರ ಸಾಲು ಉದ್ದ ಇರುವುದರಿಂದ, ಸೇರಿದ ವಾರವೇ ಎಚ್ಆರ್ ಕಚೇರಿಗೆ ಹೋಗಿ ನೆನಪಿಸಿ.